ಗಂಗಕ್ಕನ ಬೆರಕೆ ಸೊಪ್ಪು

ಹೋದ ತಿಂಗಳು ಸಿದ್ದರಬೆಟ್ಟಕ್ಕೆ ಹೋಗಿದ್ದೆ. ಮೆಟ್ಟಿಲು ಶುರುವಾಗುವ ಕಡೆ, ಹೂವು ಕಾಯಿ ಮಾರುವವರ ಸಾಲಿನಲ್ಲಿ, ಈಗ ಗಿಡಮೂಲಿಕೆ ಪುಡಿಯ ಒಂದೆರಡು ಅಂಗಡಿಗಳೂ ಬಂದಿವೆ. ಮಿಂಚುವ ಪೊಟ್ಟಣದ ಮೇಲೆ ಹಸಿರೆಲೆಯ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಆಂಟಿಆಕ್ಸಿಡೆಂಟ್’ ಎಂದು ಬರೆದಿತ್ತು.

“ತಗೊಳ್ಳಿ ಮೇಡಂ. ಶುಗರು, ಬೀಪಿ, ಕ್ಯಾನ್ಸರು, ಎಲ್ಲಕ್ಕೂ ಇದೊಂದೇ ಸಾಕು,” ಎಂದ ಅಂಗಡಿಯವನು.

“ಯಾವ ಸೊಪ್ಪು ಹಾಕಿದ್ದೀರಿ ಇದಕ್ಕೆ?”

“ಬೆಟ್ಟದ್ದು ಮೇಡಂ.”

“ಬೆಟ್ಟದ್ದೇ ಇರಲಿ. ಯಾವ ಸೊಪ್ಪು?”

ಅವನು ಪೊಟ್ಟಣವನ್ನು ತಿರುಗಿಸಿ ನೋಡಿದ. ಅಲ್ಲಿಯೂ ಬರೆದಿರಲಿಲ್ಲ. ನಾನು ಅದನ್ನು ಇದ್ದಲ್ಲಿಗೇ ಇಟ್ಟು ಹಿಂದಕ್ಕೆ ಬಂದೆ. ವಾಹನ ನಿಲ್ಲಿಸುವ ಬಯಲಿನಲ್ಲಿ ಕಾರುಗಳ ಚಕ್ರಕ್ಕೆ ಸಿಕ್ಕಿ ತಗಚೆ ಗಿಡಗಳು ಜಜ್ಜಿಹೋಗಿದ್ದವು. ತಗಚೆಯ ಎಲೆ ಜಜ್ಜಿದರೆ ಒಂದು ವಾಸನೆ ಬರುತ್ತದೆ. ಒದ್ದೆ ಚಾಪೆಯ ಮೇಲೆ ಹಸಿ ಹುರುಳಿ ಚೆಲ್ಲಿಟ್ಟ ಹಾಗೆ. ಯಾರಿಗೂ ಇಷ್ಟವಾಗುವ ವಾಸನೆಯಲ್ಲ. ನನಗೆ ಮಾತ್ರ ಅಲ್ಲಿಂದ ಕಾಲು ಕೀಳಲಾಗಲಿಲ್ಲ.

ಹೆಸರೇ ಗೊತ್ತಿಲ್ಲದ ಸೊಪ್ಪನ್ನು ಪುಡಿ ಮಾಡಿ ಮಾರುವವನನ್ನು ಯಾರೂ ತಡೆದು ಕೇಳುವುದಿಲ್ಲ. ಇದೇ ತಪ್ಪಲಿನಲ್ಲಿ, ಒಂದೊಂದು ಎಲೆಯ ಹೆಸರೂ ಗುಣವೂ ಗೊತ್ತಿದ್ದ ಹೆಂಗಸೊಬ್ಬಳನ್ನು ಮಾತ್ರ ಕೇಳಿದರು. ಆ ಮಳೆಗಾಲದ ಸಂಗತಿಯನ್ನು ಬರೆದೇ ಬಿಡಬೇಕು ಎಂದು ಅಲ್ಲೇ ನಿಂತು ತೀರ್ಮಾನ ಮಾಡಿದೆ.

ಆಗ ನನಗೆ ಇಪ್ಪತ್ನಾಲ್ಕು ವರ್ಷ. ತುಮಕೂರಿನಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಒಬ್ಬ ಪ್ರಾಧ್ಯಾಪಕರ ಪ್ರಾಜೆಕ್ಟಿನಲ್ಲಿ ಸಹಾಯಕಿಯಾಗಿ ಸೇರಿದ್ದೆ. ಬೆಟ್ಟದ ತಪ್ಪಲಿನಲ್ಲಿ ತಾನಾಗಿ ಹುಟ್ಟುವ, ಜನ ತಿನ್ನುವ ಸೊಪ್ಪುಗಳನ್ನು ತಂದು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಅವುಗಳಲ್ಲಿ ಆಂಟಿಆಕ್ಸಿಡೆಂಟ್ ಗುಣ ಎಷ್ಟಿದೆ ಎಂದು ಅಳೆಯುವುದು ಕೆಲಸ. ಸರ್ ನನ್ನ ಕೈಗೆ ಒಂದು ಪಟ್ಟಿ ಕೊಟ್ಟಿದ್ದರು. ಎಲ್ಲ ಲ್ಯಾಟಿನ್ ಹೆಸರುಗಳು.

ನಮ್ಮೂರು ಕೊಡಿಗೇನಹಳ್ಳಿ. ಅಪ್ಪ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದರು. ಅಮ್ಮ ಮಳೆ ಬಿದ್ದ ವಾರದಿಂದ ದೀಪಾವಳಿಯವರೆಗೂ ಹೊಲದ ಬದುವಿನ ಬೆರಕೆ ಸೊಪ್ಪು ತಂದು ಅಡುಗೆ ಮಾಡುತ್ತಿದ್ದಳು. ಮಧುಗಿರಿಯ ಹೈಸ್ಕೂಲಿಗೆ ಸೇರಿದ ಮೊದಲ ವರ್ಷ, ಊಟದ ಡಬ್ಬಿ ತೆರೆದಾಗ ಪಕ್ಕದ ಹುಡುಗಿ ನೋಡಿ, “ಇವಳು ಕಳೆ ತಿಂತಾಳೆ ಕಣ್ರೇ,” ಎಂದು ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದಳು. ಅವತ್ತು ಸಂಜೆ ಮನೆಗೆ ಬಂದು, ಇನ್ನು ಮೇಲೆ ಆ ಸೊಪ್ಪು ಹಾಕಬೇಡ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಯಾಕೆ ಎಂದು ಕೇಳಲಿಲ್ಲ. ಮರುದಿನದಿಂದ ಡಬ್ಬಿಯಲ್ಲಿ ಎಲೆಕೋಸಿನ ಪಲ್ಯ ಬಂತು. ನಾಚಿಕೆಪಟ್ಟು ಬಿಟ್ಟಿದ್ದ ಅದೇ ಸೊಪ್ಪನ್ನು ಹತ್ತು ವರ್ಷದ ಮೇಲೆ ಲ್ಯಾಟಿನ್ ಹೆಸರು ಹಿಡಿದು ಹುಡುಕಲು ಹೊರಟಿದ್ದೆ.

ಆ ವರ್ಷ ರೋಹಿಣಿ ಮಳೆ ಕೈಕೊಟ್ಟು, ಮೃಗಶಿರದಲ್ಲಿ ಎರಡು ಹದ ಬಿದ್ದಿತ್ತು. ಸಿದ್ದರಬೆಟ್ಟದ ಬಂಡೆಗಳೆಲ್ಲ ತೊಳೆದಿಟ್ಟ ಹಾಗಿದ್ದವು. ತಪ್ಪಲಿನ ಒಂದು ಹಳ್ಳಿಯಲ್ಲಿ ಇಳಿದು, ಸೊಪ್ಪಿನ ವಿಷಯ ಯಾರಿಗೆ ಚೆನ್ನಾಗಿ ಗೊತ್ತು ಎಂದು ಕೇಳಿದೆ. ಕೇಳಿದವರೆಲ್ಲ ಒಂದೇ ಹೆಸರು ಹೇಳಿದರು: ಸ್ಕೂಲಿನ ಅಡುಗೆ ಗಂಗಮ್ಮ.

ಗಂಗಮ್ಮನಿಗೆ ಆಗ ಐವತ್ತರ ಆಸುಪಾಸು. ಉದ್ದನೆಯ ಸಣಕಲು ಮೈ, ಸೊಂಟಕ್ಕೆ ಸೆರಗು ಬಿಗಿದು ಕಟ್ಟಿದ್ದಳು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಬಿಸಿಯೂಟಕ್ಕೆ ಅವಳೇ ಮುಖ್ಯ ಅಡುಗೆಯವಳು. ನನ್ನ ಪಟ್ಟಿಯನ್ನು ನಾನು ಓದಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, “ಇದ್ರಾಗೆ ಒಂದ್ಕೂ ನಮ್ಮೂರ್ ಹೆಸ್ರಿಲ್ವಲ್ಲ ಅಮ್ಮಣ್ಣಿ. ಹೆಸ್ರಿಡಿದು ಕೂಗ್ದೆ ಯಾವ್ ಸೊಪ್ಪು ಬತ್ತದೆ?” ಎಂದಳು. ಆಮೇಲೆ ನನ್ನ ಬೂಟು ನೋಡಿ, “ಅದುನ್ನ ಬುಟ್ಟು ಚಪ್ಲಿ ಮೆಟ್ಕಂಡು ಬಾ. ಕೆಸ್ರಾಗೆ ಎತ್ತಾಕ್ಕಾಗಲ್ಲ,” ಎಂದು ಹೊರಟೇ ಬಿಟ್ಟಳು.

ಜೂನ್, ಜುಲೈ ಪೂರ್ತಿ ವಾರಕ್ಕೆರಡು ದಿನ ನಾನು ಅವಳ ಹಿಂದೆ ಓಡಾಡಿದೆ. ಗಂಗಮ್ಮ ನನಗೆ ಗಂಗಕ್ಕ ಆದಳು. ಬೆಳಗ್ಗೆ ಶಾಲೆಯ ಒಲೆ ಹತ್ತಿಸುವ ಮುಂಚೆ ಬದುಗಳ ಮೇಲೆ, ಬೆಟ್ಟದ ಬುಡದ ಹುಲ್ಲುಗಾವಲಿನಲ್ಲಿ ನಮ್ಮ ಕೆಲಸ. ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಹೊನಗೊನೆ, ಗಣಿಕೆ, ಕೊಮ್ಮೆ, ಎಳೆ ತಗಚೆ, ಹುಣಸೆ ಚಿಗುರು. ಬೆರಳ ತುದಿಗೆ ತಾನಾಗಿ ಮುರಿಯುವಷ್ಟನ್ನೇ ಕೀಳಬೇಕು. ಎಳೆದರೆ ಮಾತ್ರ ಬರುವುದಾದರೆ ಅದು ಬಲಿತದ್ದು, ಬಿಡಬೇಕು. ಔಷಧಿ ಹೊಡೆದ ಹೊಲದ ಅಂಚಿಗೆ ಹೋಗುವ ಹಾಗೇ ಇಲ್ಲ. ಒಂದು ಕಡೆ ಒಂದು ಮುಷ್ಟಿ ಕಿತ್ತರೆ ಮುಂದಕ್ಕೆ ನಡೆಯಬೇಕು. ಎಲ್ಲಕ್ಕಿಂತ ಮೇಲು ಗೋಣಿ ಸೊಪ್ಪು ಎಂದು ಅವಳ ಲೆಕ್ಕ. ನೆಲಕ್ಕೆ ಅಂಟಿಕೊಂಡು ಹಬ್ಬುವ, ದಪ್ಪ ಎಲೆಯ ಹುಳಿ ಸೊಪ್ಪು. “ಇದ್ಕಿಂತ ಸಕ್ತಿ ಇರೋದು ಭೂಮಿ ಮ್ಯಾಲೆ ಇಲ್ಲ ಕಣಮ್ಮ,” ಎನ್ನುತ್ತಿದ್ದಳು.

ನಾನು ಏನನ್ನು ಅಳೆಯುತ್ತೇನೆ ಎಂದು ಒಂದು ದಿನ ಕೇಳಿದಳು. ಹೇಗೆ ಹೇಳುವುದು ಎಂದು ಯೋಚಿಸಿ, “ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಗಾಗುತ್ತಲ್ಲ ಅಕ್ಕ, ಗಾಳಿ ತಾಗಿ? ನಮ್ಮ ಮೈ ಒಳಗೂ ಅಂಥದ್ದೊಂದು ಸವೆತ ನಡೀತಾನೇ ಇರುತ್ತೆ. ಅದನ್ನ ತಡೆಯೋ ಗುಣ ಕೆಲವು ಸೊಪ್ಪಿಗೆ ಇರುತ್ತೆ. ಅದನ್ನ ಅಳೆಯೋದು,” ಎಂದೆ.

“ಅದ್ಕೇಯ ನಾವು ಬದ್ನೆಕಾಯ್ನ ಹೆಚ್ಚಿ ಉಪ್ನೀರಿಗೆ ಹಾಕೋದು,” ಎಂದಳು, ನಾನು ಹೊಸದೇನೂ ಹೇಳಲಿಲ್ಲ ಎನ್ನುವ ಹಾಗೆ.

ಕಿತ್ತ ಸೊಪ್ಪಿನಲ್ಲಿ ನನ್ನ ಪಾಲು ಬಟ್ಟೆ ಚೀಲಕ್ಕೆ, ಮಿಕ್ಕಿದ್ದು ಶಾಲೆಯ ಅಡುಗೆಮನೆಗೆ ಹೋಗುತ್ತಿತ್ತು. ಕಾಳಿನ ಜೊತೆ ಬೇಯಿಸಿ, ನೀರು ಬಸಿದು, ಆ ನೀರಿಗೇ ಮಸಾಲೆ ರುಬ್ಬಿ ಹಾಕಿ ಬಸ್ಸಾರು ಮಾಡುವಳು. ಬಸಿದ ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ. ಎಲೆಕೋಸಿನ ಸಾಂಬಾರನ್ನು ತಟ್ಟೆಯ ಅಂಚಿಗೆ ತಳ್ಳುವ ಮಕ್ಕಳು ಬಸ್ಸಾರಿಗೆ ಎರಡನೇ ಸಲ ಕೈಯೊಡ್ಡುವುದನ್ನು ನಾನೇ ನೋಡಿದ್ದೇನೆ.

ಆಗಸ್ಟಿನ ಮೊದಲ ವಾರ ಒಂದು ಬೆಳಗ್ಗೆ, ತಲೆಯ ಮೇಲೆ ಸೊಪ್ಪಿನ ಗಂಟು ಹೊತ್ತು ಬಂಡೆಯ ಓರೆಯಲ್ಲಿ ಇಳಿದು ಬರುತ್ತಿದ್ದ ಗಂಗಕ್ಕನ ಫೋಟೋ ತೆಗೆದೆ. ಚೆನ್ನಾಗಿ ಬಂತು. ವಾಟ್ಸಪ್ ಸ್ಟೇಟಸ್ಸಿಗೆ ಹಾಕಿ, ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದೆ: ಬಿಸಿಯೂಟಕ್ಕೆ ಕಳೆ ಗಿಡಗಳನ್ನು ಕಿತ್ತು ತರುತ್ತಿರುವ ಶಾಲೆಯ ಅಡುಗೆಯಮ್ಮ, ನನ್ನ ಗುರು. ಕಳೆ ಎಂಬ ಪದ ನನ್ನದೇ. ಬೇರೆ ಯಾರೂ ಹಾಕಿದ್ದಲ್ಲ. ಹೈಸ್ಕೂಲಿನಲ್ಲಿ ನನ್ನ ಮೇಲೆ ಎಸೆದದ್ದನ್ನು ನಾನೇ ಎತ್ತಿ ಅವಳ ಮೇಲೆ ಎಸೆದಿದ್ದೆ. ಆ ಹೊತ್ತಿಗೆ ನನಗೆ ಅದು ಹೊಳೆಯಲೇ ಇಲ್ಲ.

ನಾಲ್ಕೇ ದಿನಕ್ಕೆ ಅದೇ ಫೋಟೋ ಬೇರೆ ಯಾರದೋ ಗುಂಪಿನಿಂದ ನನಗೇ ವಾಪಸು ಬಂತು. ಗುರು ಎಂಬ ಮಾತು ಕತ್ತರಿಸಿ ಹೋಗಿತ್ತು. ‘ಸರ್ಕಾರಿ ಶಾಲೆ ಮಕ್ಕಳಿಗೆ ಕಳೆ ಗಿಡದ ಊಟ! ತರಕಾರಿ ದುಡ್ಡು ಯಾರ ಜೇಬಿಗೆ?’ ಎಂದು ಕೆಂಪಕ್ಷರದಲ್ಲಿತ್ತು. ಫೋನು ಮಾಡಿದರೆ ಹೆಡ್ ಮೇಷ್ಟ್ರು ನಂಜುಂಡಪ್ಪನವರು ಅಳುಕುತ್ತ ಮಾತಾಡಿದರು. ಊಟದ ಯೋಜನೆ ನೋಡಿಕೊಳ್ಳುವ ಅಧಿಕಾರಿ ಬಂದು ಅಡುಗೆಮನೆ ಜಾಲಾಡಿದ್ದರಂತೆ. ಲೆಕ್ಕದಲ್ಲಿ ತಪ್ಪೇನೂ ಸಿಕ್ಕಲಿಲ್ಲ. ಆದರೆ ವಿಚಾರಣೆ ಮುಗಿಯುವವರೆಗೆ ಗಂಗಮ್ಮ ಶಾಲೆಗೆ ಕಾಲಿಡಬಾರದು ಎಂದು ಬಾಯಲ್ಲಿ ಹೇಳಿ ಹೋಗಿದ್ದರು.

ಮರುದಿನ ಮೊದಲ ಬಸ್ಸಿಗೆ ಹೊರಟೆ. ಗಂಗಕ್ಕ ಜಗುಲಿಯಲ್ಲಿ ಕೂತು ಹುರುಳಿ ಕೇರುತ್ತಿದ್ದಳು. ಫೋಟೋ ನಾನೇ ತೆಗೆದದ್ದು, ಹಾಕಿದ್ದೂ ನಾನೇ ಎಂದು ಹೇಳಿದೆ. ಮೊರ ನಿಂತಿತು.

“ಕಳೆ ಅಂತ ನೀನೇ ಬರ್ದಿದ್ದಾ?”

“ಹೂಂ ಅಕ್ಕ.”

“ಹೆಸ್ರೆಲ್ಲ ಹೇಳ್ಕೊಟ್ಟಿದ್ನಲ್ಲ ನಿಂಗೆ.”

ನನಗೆ ಅಳು ಬಂತು. ತಪ್ಪಾಯಿತು ಎಂದೆ. ಅವಳು ಸಮಾಧಾನ ಮಾಡಲು ಬರಲಿಲ್ಲ.

“ಹದ್ನಾಲ್ಕು ವರ್ಸ ಆತು ಆ ಒಲೆ ಮುಂದೆ ನಿಂತು. ಒಂದು ಮಗ ಹೊಟ್ಟೆನೋವು ಅಂತ ಕೂತಿಲ್ಲ. ನೀನು ಇಲ್ಲಿ ಅತ್ರೆ ಏನ್ ಬಂತು? ನಿನ್ ತಾವ ಅಳಿಯೋ ಮಿಸನ್ ಐತಲ್ಲ, ಅದುಕ್ಕೆ ಇಕ್ಕು. ಒಣಗ್ಸಿ ಪುಡಿ ಮಾಡಿದ್ದಲ್ಲ. ಮಕ್ಳು ತಿಂದಿದ್ದುನ್ನ ಇಕ್ಕು. ಒಳ್ಳೇದು ಬಂದ್ರೆ ಒಳ್ಳೇದು ಅನ್ನು. ಕೆಟ್ಟದ್ದು ಬಂದ್ರೆ ಕೆಟ್ಟದ್ದು ಅನ್ನು, ನಾನೇ ಬುಟ್ಟುಬುಡ್ತೀನಿ.”

ತುಮಕೂರಿಗೆ ವಾಪಸಾಗಿ ಸರ್ ಮುಂದೆ ನಿಂತೆ. ಅವರು ಕೆಟ್ಟವರಲ್ಲ. ಪ್ರಾಜೆಕ್ಟಿನ ವರದಿ ಕೊಡುವ ದಿನ ಹತ್ತಿರ ಬರುತ್ತಿತ್ತು, ಆ ಚಿಂತೆ ಅವರಿಗೆ.

“ಸಾರನ್ನ ಟೆಸ್ಟ್ ಮಾಡ್ತೀಯಾ? ಇದು ಲ್ಯಾಬ್ ಕಣಮ್ಮ, ಹೋಟೆಲಲ್ಲ,” ಎಂದರು. “ಬೇಯಿಸಿದರೆ ಗುಣ ಕಮ್ಮಿಯಾಗುತ್ತೆ, ಅದು ಎಲ್ಲರಿಗೂ ಗೊತ್ತಿರೋದೇ. ಮೇಲಾಗಿ ನಿನ್ನ ಸಾರಲ್ಲಿ ಬೆಳ್ಳುಳ್ಳಿ, ಕೊತ್ತಂಬರಿ, ಹುಣಸೆಹುಳಿ ಇರುತ್ತೆ. ಯಾವುದರ ಗುಣ ಯಾವುದು ಅಂತ ಹೆಂಗೆ ಬಿಡಿಸ್ತೀಯ? ನಮ್ಮ ಪ್ರಪೋಸಲ್ಲಿನಲ್ಲಿ ಇರೋದು ಒಣಗಿಸಿದ ಎಲೆ. ಅಷ್ಟು ಮಾಡು.”

ಕೊನೆಯ ಮಾತು ಬಿಟ್ಟು ಮಿಕ್ಕಿದ್ದೆಲ್ಲ ಸರಿಯಾಗಿಯೇ ಇತ್ತು. ಆ ಸರಿಯಾದ ಮಾತುಗಳನ್ನೇ ಇಟ್ಟುಕೊಂಡು ನಾನು ಪರೀಕ್ಷೆಯ ಕ್ರಮ ಬರೆದೆ. ಮಸಾಲೆ ಹಾಕುವುದೇ ಬೇಡ. ಒಂದು ಪಾತ್ರೆಯಲ್ಲಿ ಬರೀ ಕಾಳು ಬೇಯಿಸಿ ಬಸಿದ ನೀರು. ಇನ್ನೊಂದರಲ್ಲಿ ಕಾಳು ಮತ್ತು ಸೊಪ್ಪು ಬೇಯಿಸಿ ಬಸಿದ ನೀರು. ಮೂರನೆಯದು, ಬಸಿದ ಮೇಲೆ ಉಳಿದ ಸೊಪ್ಪು. ಇವುಗಳ ಪಕ್ಕದಲ್ಲಿ ಅದೇ ದಿನ ಕಿತ್ತ ಹಸಿ ಸೊಪ್ಪು. ಮೊದಲು ಒಂದೊಂದು ಸೊಪ್ಪನ್ನು ಬೇರೆ ಬೇರೆಯಾಗಿ, ಆಮೇಲೆ ಎಲ್ಲ ಬೆರೆಸಿ. ಲ್ಯಾಬಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ಭಾನುವಾರ ಬೆಳಗ್ಗೆ ಯಾರೂ ಬರುತ್ತಿರಲಿಲ್ಲ. ಗಂಗಕ್ಕ ಬಾಳೆಲೆಯಲ್ಲಿ ಸುತ್ತಿದ ಸೊಪ್ಪನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದಳು. ಎಷ್ಟು ನೀರು, ಎಷ್ಟು ಹೊತ್ತು ಎಂದು ಫೋನಿನಲ್ಲಿ ಹೇಳುವಳು: “ಕಾಳು ಮುಕ್ಕಾಲು ಬೆಂದ್ಮ್ಯಾಲೆ ಸೊಪ್ಪು ಹಾಕು. ಎರಡು ಕುದಿ ಬರ್ಲಿ, ಬಣ್ಣ ಕೆಡೋಕ್ ಮುಂಚೆ ಇಳ್ಸು.” ವಿಜ್ಞಾನದ ಯಾವ ಪುಸ್ತಕದಲ್ಲೂ ಅಷ್ಟು ಸ್ಪಷ್ಟವಾದ ಸೂಚನೆ ನಾನು ಓದಿರಲಿಲ್ಲ.

ಈ ಪರೀಕ್ಷೆಗೆ ಒಂದು ನೇರಳೆ ಬಣ್ಣದ ದ್ರಾವಣ ಬಳಸುತ್ತೇವೆ. ಗುಣವಿರುವ ವಸ್ತು ಅದಕ್ಕೆ ಬಿದ್ದರೆ ನೇರಳೆ ತಿಳಿಯಾಗುತ್ತ ಹಳದಿಗೆ ತಿರುಗುತ್ತದೆ. ಎಷ್ಟು ತಿಳಿಯಾಯಿತು ಎಂದು ಯಂತ್ರ ಹೇಳುತ್ತದೆ. ಕೊಳವೆಗಳನ್ನು ಅರ್ಧ ಗಂಟೆ ಕತ್ತಲ ಕಪಾಟಿನಲ್ಲಿಟ್ಟು ಬಾಗಿಲು ತೆರೆದಾಗ, ಬರೀ ಕಾಳಿನ ನೀರು ಬಿದ್ದ ಕೊಳವೆ ಹೆಚ್ಚುಕಡಿಮೆ ನೇರಳೆಯಾಗಿಯೇ ನಿಂತಿತ್ತು. ಸೊಪ್ಪಿನ ಬಸಿದ ನೀರು ಬಿದ್ದದ್ದು ಸಾಸಿವೆ ಹೂವಿನ ಹಾಗೆ ಹಳದಿ. ಯಂತ್ರಕ್ಕೆ ಇಡುವ ಮುಂಚೆಯೇ ನನಗೆ ಗೊತ್ತಾಯಿತು.

ಮೂರು ಭಾನುವಾರ ಮತ್ತೆ ಮತ್ತೆ ಮಾಡಿದೆ. ಸರ್ ಹೇಳಿದ ಹಾಗೆ ಬೇಯಿಸಿದ ಸೊಪ್ಪಿನಲ್ಲಿ ಗುಣ ಕಮ್ಮಿಯಾಗಿತ್ತು. ಕಮ್ಮಿಯಾದದ್ದರಲ್ಲಿ ಸ್ವಲ್ಪ ಬೆಂಕಿಗೆ ಹೋಗಿತ್ತು, ನಿಜ. ಮಿಕ್ಕಿದ್ದು ಬಸಿದ ನೀರಿನಲ್ಲಿತ್ತು. ಸೊಪ್ಪು ಬೇಯಿಸಿ ನೀರು ಚೆಲ್ಲುವವರಿಗೆ ಅದು ನಷ್ಟ. ಗಂಗಕ್ಕ ಚೆಲ್ಲುವುದೇ ಇಲ್ಲ. ಅವಳ ಸಾರು ಶುರುವಾಗುವುದೇ ಅಲ್ಲಿಂದ.

ಒಂದು ಮಾತು ಮಾತ್ರ ಅವಳಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಕೊನೆಗೆ ಫೋನು ಮಾಡಿದೆ.

“ಎಲ್ಲಕ್ಕಿಂತ ಮೇಲೆ ಬಂದಿದ್ದು ತಗಚೆ ಅಕ್ಕ.”

“ತಗಚೆಯಾ? ಅದುನ್ನ ಹಸಾನೂ ಮೂಸಲ್ವಲ್ಲೇ. ಗೋಣಿ?”

“ಗೋಣಿ ಸೊಪ್ಪು ಎಲ್ಲಕ್ಕಿಂತ ಕೆಳಗೆ.”

ಆ ಕಡೆ ಕೋಳಿ ಕೂಗಿದ್ದು ಕೇಳಿಸಿತು.

“ಬರ್ಕ,” ಎಂದಳು ಆಮೇಲೆ. “ಬಂದಿದ್ದುನ್ನ ಬಂದಂಗೇ ಬರ್ಕ. ಗೋಣಿ ರುಚಿ ನಿನ್ ಮಿಸನ್‌ಗೆ ಗೊತ್ತಾಗಲ್ಲ ಬುಡು.”

ಶ್ರಾವಣ ಮುಗಿಯುವ ಹೊತ್ತಿಗೆ ನಂಜುಂಡಪ್ಪ ಮೇಷ್ಟ್ರು ಧೈರ್ಯ ಮಾಡಿ ಒಂದು ಶನಿವಾರ ಪೋಷಕರ ಸಭೆ ಕರೆದರು. ಅಧಿಕಾರಿಯೂ ಬರುತ್ತೇನೆ ಎಂದಿದ್ದರು. ಹಿಂದಿನ ದಿನ ನಾನು ಸರ್‌ಗೆ ಎಲ್ಲವನ್ನೂ ಹೇಳಿ, ಅಂಕಿಗಳ ಹಾಳೆ ಮುಂದಿಟ್ಟೆ. ಅವರು ಓದಿದರು. ಎರಡನೇ ಸಲವೂ ಓದಿದರು. ಒಂದು ಗಳಿಗೆ ಅವರ ಮುಖದಲ್ಲಿ ಆಸೆ ಕಂಡಿತು. ಆಮೇಲೆ ಹಾಳೆ ಮಡಚಿದರು.

“ಪ್ರಕಟವಾಗೋಕೆ ಮುಂಚೆ ಇದು ಹೊರಗೆ ಹೋಗೋ ಹಾಗಿಲ್ಲ. ಅದೂ ಒಂದು ಅಡುಗೆಯವಳ ಜಗಳದಲ್ಲಿ ನಮ್ಮ ವಿಭಾಗದ ಹೆಸರು ಬರೋದು ನನಗಿಷ್ಟ ಇಲ್ಲ. ನಾಳೆ ನೀನು ಅಲ್ಲಿಗೆ ಹೋದರೆ ಸೋಮವಾರ ಇಲ್ಲಿಗೆ ಬರೋದು ಬೇಡ.”

“ಜಗಳ ಹಚ್ಚಿದ್ದು ನಾನೇ ಸರ್.”

“ಅದು ನಿನ್ನ ಸ್ವಂತ ವಿಷಯ.”

ಬೀಗದ ಕೈಯನ್ನು ಅವರ ಮೇಜಿನ ಮೇಲಿಟ್ಟೆ. ಲ್ಯಾಬಿನ ನೇರಳೆ ದ್ರಾವಣ ಇನ್ನು ನನ್ನದಲ್ಲ. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಮೆಡಿಕಲ್ ಸ್ಟೋರಿನಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಕೊಂಡೆ. ಬಾವಿಯ ನೀರಿಗೆ ಹಾಕುತ್ತಾರಲ್ಲ, ಅದೇ ನೇರಳೆ ಹರಳು. ಅದರಿಂದ ಒರಟಾದ ಪರೀಕ್ಷೆಯೊಂದನ್ನು ಮಾಡಬಹುದು. ಅಂಕಿಗಳ ಇನ್ನೊಂದು ಪ್ರತಿ ನನ್ನ ಹತ್ತಿರವಿತ್ತು, ಜನರ ಕಣ್ಣಿಗೆ ತೋರಿಸಲು ಇಷ್ಟು ಸಾಕು.

ಸಂಜೆ ಊರಿಗೆ ಫೋನು ಮಾಡಿ ಕೆಲಸ ಹೋಯಿತು ಎಂದೆ. ಅಮ್ಮ ಯಾಕೆಂದು ಈ ಸಲ ಕೇಳಿದಳು. ಹೇಳಿದೆ. “ಡಬ್ಬಿಗೆ ಇಕ್ಕಬ್ಯಾಡ ಅಂದೋಳು ಇವತ್ತು ಅದ್ಕೇ ಕೆಲ್ಸ ಬುಟ್ಟು ಬಂದ್ಯಾ?” ಎಂದು ನಕ್ಕಳು. ಆ ನಗುವಿನಲ್ಲಿ ಕುಹಕವೇನೂ ಇರಲಿಲ್ಲ. “ವೋಗು. ಹೆದ್ರಬ್ಯಾಡ,” ಎಂದಳು.

ಶನಿವಾರ ಶಾಲೆಯ ಜಗುಲಿ ತುಂಬಿತ್ತು. ತಾಯಂದಿರೇ ಹೆಚ್ಚು. ಮಕ್ಕಳು ಕಿಟಕಿಗಳಿಗೆ ಜೋತುಬಿದ್ದಿದ್ದರು. ಅಧಿಕಾರಿ ಮಧ್ಯವಯಸ್ಸಿನವರು, ಆತುರದಲ್ಲಿದ್ದರು, ಇನ್ನೆರಡು ಶಾಲೆಗೆ ಹೋಗಬೇಕಿತ್ತು. ನಾನು ಮೊದಲು ಎದ್ದು, ಆ ಫೋಟೋ ನನ್ನದು, ಕಳೆ ಎಂಬ ಮಾತೂ ನನ್ನದು, ಎರಡಕ್ಕೂ ಗಂಗಮ್ಮ ಕಾರಣರಲ್ಲ ಎಂದೆ. ಗದ್ದಲವೆದ್ದಿತು. ಒಬ್ಬಾಕೆ ನನಗೆ ಚೆನ್ನಾಗಿಯೇ ಬೈದರು. ಬೈಸಿಕೊಂಡೆ.

ಆಮೇಲೆ ಎರಡು ಗಾಜಿನ ಲೋಟದಲ್ಲಿ ನೇರಳೆ ನೀರು ಇಟ್ಟು, ಒಂದಕ್ಕೆ ಗಂಗಕ್ಕ ಮನೆಯಲ್ಲಿ ಬೇಯಿಸಿ ತಂದಿದ್ದ ಬರೀ ಕಾಳು ಬಸಿದ ನೀರನ್ನು ಹನಿ ಹನಿಯಾಗಿ ಬಿಟ್ಟೆ. ಕಿಟಕಿಯಿಂದ ಮಕ್ಕಳು ತಾವಾಗಿಯೇ ಎಣಿಸತೊಡಗಿದರು. ಎಣಿಕೆ ಮೂವತ್ತು ದಾಟಿದರೂ ಬಣ್ಣ ಪೂರ್ತಿ ಬಿಡಲಿಲ್ಲ. ಇನ್ನೊಂದಕ್ಕೆ ಸೊಪ್ಪಿನ ಬಸಿದ ನೀರು. ಒಂಬತ್ತು ಎನ್ನುವಷ್ಟರಲ್ಲಿ ನೇರಳೆ ಹೋಗಿ ತಿಳಿ ಕಂದು ಬಣ್ಣಕ್ಕೆ ತಿರುಗಿತು. ಮಕ್ಕಳು ಹೋ ಎಂದರು.

ಅಧಿಕಾರಿ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದರು. “ಚೆನ್ನಾಗಿದೆ. ಇದರಿಂದ ಈ ಸೊಪ್ಪು ಮಕ್ಕಳಿಗೆ ಅಪಾಯ ಇಲ್ಲ ಅಂತ ಗೊತ್ತಾಯ್ತಾ?”

ಎಲ್ಲರೂ ನನ್ನ ಕಡೆ ನೋಡಿದರು. ಹೌದು ಎಂದರೆ ಮುಗಿದುಹೋಗುತ್ತಿತ್ತು.

“ಇಲ್ಲ ಸರ್. ಇದು ಒಂದು ಗುಣ ಇದೆ ಅಂತ ಮಾತ್ರ ಹೇಳುತ್ತೆ. ಕಾಯಿಲೆ ವಾಸಿಯಾಗುತ್ತೆ ಅಂತಲೂ ಹೇಳಲ್ಲ. ಅಪಾಯ ಇದೆಯೋ ಇಲ್ಲವೋ ಅನ್ನೋದು ಕೀಳೋರಿಗೆ ಎಲೆಯ ಗುರುತು ಗೊತ್ತಿದೆಯಾ ಅನ್ನೋದರ ಮೇಲೆ ನಿಂತಿದೆ.”

“ಅದನ್ನೇ ನಾನು ಕೇಳ್ತಿರೋದು. ಬೆರಕೆ ಅಂತೀರಿ. ಬೆರಕೆಯಲ್ಲಿ ಬೇರೇನಾದರೂ ಸೇರಿಕೊಂಡರೆ?”

ಗಂಗಕ್ಕ ಅಲ್ಲಿಯವರೆಗೆ ಕಂಬಕ್ಕೆ ಒರಗಿ ನಿಂತಿದ್ದಳು. “ಸೇರ್ಸಿ ಕೊಡ್ರಿ ಸ್ವಾಮಿ. ನೋಡಾನ,” ಎಂದಳು.

ಅಧಿಕಾರಿ ನಂಜುಂಡಪ್ಪ ಮೇಷ್ಟ್ರ ಕಡೆ ಸನ್ನೆ ಮಾಡಿದರು. ಮೇಷ್ಟ್ರು ಅವಳು ತಂದಿದ್ದ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಕಾಂಪೌಂಡಿನ ಹಿಂದಕ್ಕೆ ಹೋಗಿ, ಹತ್ತು ನಿಮಿಷ ಬಿಟ್ಟು ಬಂದು ಜಮಖಾನದ ಮೇಲೆ ಸುರಿದರು. ಗಂಗಕ್ಕ ಕಾಲು ಮಡಿಸಿ ಕೂತಳು. ಅವಳ ಕೈ ಓಡುವುದನ್ನು ನಾನು ಎರಡು ತಿಂಗಳು ನೋಡಿದ್ದೆ, ಆದರೂ ಅವತ್ತು ಕಣ್ಣು ಕೀಳದೆ ನೋಡಿದೆ. ಅಣ್ಣೆ ಒಂದು ಕಡೆ, ಕನ್ನೆ ಒಂದು ಕಡೆ, ತಗಚೆ, ಹೊನಗೊನೆ. ಗಣಿಕೆಯ ರಾಶಿಗೆ ಹಾಕಲು ಎತ್ತಿದ ಒಂದು ಎಲೆಯನ್ನು ಹೆಬ್ಬೆರಳಲ್ಲಿ ಸವರಿ, ಮೂಗಿಗೆ ಹಿಡಿದು, ಅಧಿಕಾರಿಯ ಕಾಲ ಬಳಿ ಬೇರೆಯಾಗಿ ಇಟ್ಟಳು. ಹಾಗೇ ಇನ್ನೆರಡು ಎಲೆ ಆರಿಸಿ ಅದರ ಪಕ್ಕಕ್ಕಿಟ್ಟಳು.

“ಇದು ಉಮ್ಮತ್ತಿ ಎಳೇದು. ತಿಂದ್ರೆ ತಲೆ ಕೆಡ್ತದೆ. ಮೂರೇ ಹಾಕಿದ್ದು ಮೇಷ್ಟ್ರೇ, ಅಲ್ವಾ?”

“ಮೂರೇ,” ಎಂದರು ಮೇಷ್ಟ್ರು.

ಅಧಿಕಾರಿ ಮೃದುವಾಗಿಯೇ ಹೇಳಿದರು: “ಆಯ್ತಮ್ಮ. ನಿನಗೆ ಗೊತ್ತು, ಒಪ್ಪಿದೆ. ಸೋಮವಾರದಿಂದ ಕೆಲಸಕ್ಕೆ ಬಾ. ಆದರೆ ಈ ಸೊಪ್ಪು ಬಿಸಿಯೂಟದ ಪಟ್ಟಿಯಲ್ಲಿ ಇಲ್ಲ. ಇನ್ನು ಮೇಲೆ ಹಾಕಬೇಡ. ಕೋಸು, ಕ್ಯಾರೆಟ್ಟು, ಬೀನ್ಸು ಇದೆಯಲ್ಲ, ಅದನ್ನ ಮಾಡು.”

ಕೆಲಸ ವಾಪಸು ಸಿಕ್ಕಿತ್ತು. ತಾಯಂದಿರ ಗುಂಪಿನಲ್ಲಿ ನಿಟ್ಟುಸಿರು ಕೇಳಿಸಿತು. ನಾನೂ, ಇಷ್ಟಾದರೂ ಆಯಿತಲ್ಲ ಎಂದುಕೊಂಡೆ. ಗಂಗಕ್ಕ ಎದ್ದು ನಿಂತು ಸೀರೆಗೆ ಅಂಟಿದ ಎಲೆಗಳನ್ನು ಕೊಡವಿದಳು.

“ಬರ್ದು ಕೊಡ್ರಿ ಸ್ವಾಮಿ.”

“ಏನು?”

“ಇಕ್ಕಬ್ಯಾಡ ಅಂದ್ರಲ್ಲ, ಅದುನ್ನ. ಈ ಸ್ಕೂಲ್ ಮಕ್ಳಿಗೆ ಹಸ್ರು ಸೊಪ್ಪು ಬೇಯ್ಸಿ ಇಕ್ಕಬಾರ್ದು ಅಂತ ಬರ್ದು, ಕೆಳಗೆ ನಿಮ್ಮೆಸ್ರು, ರುಜು, ಸೀಲು ಹಾಕಿ ಕೊಡ್ರಿ. ಗೋಡೆಗೆ ಅಂಟ್ಸಿ, ಬಂದೋರ್ಗೆಲ್ಲ ತೋರುಸ್ತೀನಿ.”

“ಬಾಯಲ್ಲಿ ಹೇಳಿದರೆ ಸಾಲದಾ?”

“ಬಾಯ್ಮಾತ್ನಾಗೇ ಅಲ್ವಾ ಇಪ್ಪತ್ ದಿನ ನನ್ನ ಮನೇಲಿ ಕೂರ್ಸಿದ್ದು? ಫೋನ್ನಾಗೆ ಬಂದಿದ್ದುನ್ನ ನಂಬುದ್ರಿ. ನನ್ನ ಒಂದ್ಮಾತು ಕೇಳ್ಲಿಲ್ಲ. ಬಾಯ್ಮಾತು ನಂಗೆ ಸಾಕಾಗೈತೆ. ಬರೀರಿ.”

ಅಧಿಕಾರಿ ಜೇಬಿನಿಂದ ಪೆನ್ನು ತೆಗೆದು, ಮೇಷ್ಟ್ರ ಮುಂದಿದ್ದ ಹಾಳೆಯನ್ನು ಎಳೆದುಕೊಂಡರು. ಶಾಲೆಯ ಹೆಸರು ಬರೆದರು. ವಿಷಯ ಎಂದು ಬರೆದು ಅಡ್ಡಗೆರೆ ಎಳೆದರು. ಅಲ್ಲಿಗೆ ಪೆನ್ನು ನಿಂತಿತು. ಅವರು ಕಿಟಕಿಯ ಕಡೆ ನೋಡಿದರು. ಅಲ್ಲಿ ಮಕ್ಕಳ ಮುಖಗಳು. ಜಮಖಾನದ ಮೇಲೆ ಬೇರೆ ಬೇರೆ ಗುಡ್ಡೆಯಾಗಿ ಬಿದ್ದಿದ್ದ ಸೊಪ್ಪನ್ನು ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು.

“ಮೇಲಿನವರನ್ನ ಕೇಳಿ, ಆದೇಶ ಕಳಿಸ್ತೀನಿ,” ಎಂದು ಎದ್ದರು.

“ಕಳ್ಸಿ ಸ್ವಾಮಿ. ಅಲ್ಲಿಗಂಟ?”

ಅಧಿಕಾರಿ ಜೀಪು ಹತ್ತಿದರು.

ಸೋಮವಾರ ಗಂಗಕ್ಕ ಒಲೆ ಹತ್ತಿಸಿದಳು. ಅಲಸಂದೆ ಕಾಳು, ಅಣ್ಣೆ, ಕನ್ನೆ, ತಗಚೆ. ಆ ದಿನ ಇಬ್ಬರು ಮೂವರು ತಾಯಂದಿರು ಹೊಲಕ್ಕೆ ಹೋಗುವ ದಾರಿಯಲ್ಲಿ ತಂತಮ್ಮ ಮಡಿಲಿನ ಸೊಪ್ಪನ್ನೂ ತಂದು ಅವಳ ಮುಂದೆ ಸುರಿದು ಹೋದರು. ಅವಳು ಒಂದೊಂದನ್ನೂ ಬಿಡಿಸಿ ನೋಡಿಯೇ ಪಾತ್ರೆಗೆ ಹಾಕಿದಳು. ನಾನು ಮಕ್ಕಳ ಸಾಲಿನಲ್ಲಿ ಕೂತು ಉಂಡೆ. ಕೆಲಸವಿಲ್ಲದವಳಿಗೆ ಸೋಮವಾರ ಮಧ್ಯಾಹ್ನ ಬೇರೆಲ್ಲಿ ಹೋಗುವುದಿತ್ತು?

ಮುಂದಿನ ವರ್ಷ ಸರ್ ಅವರ ಲೇಖನ ಪ್ರಕಟವಾಯಿತು. ಒಣಗಿಸಿದ ಎಲೆಗಳ ವಿವರ ಅಷ್ಟೇ. ಬಸಿದ ನೀರು ಅದರಲ್ಲಿ ಇಲ್ಲ, ನನ್ನ ಹೆಸರೂ ಇಲ್ಲ, ಸೊಪ್ಪು ತೋರಿಸಿಕೊಟ್ಟವರು ‘ಸ್ಥಳೀಯರು’. ಓದಿದ ದಿನ ಸಿಟ್ಟಿನಲ್ಲಿ ಊಟ ಸೇರಲಿಲ್ಲ. ಮರುದಿನ ಒಂದು ದೊಡ್ಡ ಡ್ರಾಯಿಂಗ್ ಹಾಳೆ ತಂದು, ಪ್ರತಿ ಸೊಪ್ಪಿನ ಊರ ಹೆಸರು, ಹಸಿಯಲ್ಲಿ ಎಷ್ಟು, ಬೆಂದ ಸೊಪ್ಪಿನಲ್ಲಿ ಎಷ್ಟು, ಬಸಿದ ನೀರಿನಲ್ಲಿ ಎಷ್ಟು ಎಂದು ಕನ್ನಡದಲ್ಲಿ ಬರೆದೆ. ತಗಚೆ ಎಲ್ಲಕ್ಕಿಂತ ಮೇಲೆ, ಗೋಣಿ ಎಲ್ಲಕ್ಕಿಂತ ಕೆಳಗೆ. ತೋರಿಸಿಕೊಟ್ಟವರು ಎಂಬಲ್ಲಿ ಗಂಗಮ್ಮ ಎಂದು ಬರೆದು, ಪರೀಕ್ಷೆ ಮಾಡಿದವರು ಎಂಬಲ್ಲಿ ನನ್ನ ಹೆಸರು ಹಾಕಿದೆ. ನಂಜುಂಡಪ್ಪ ಮೇಷ್ಟ್ರು ಅದಕ್ಕೆ ಗಾಜು ಹಾಕಿಸಿ ಅಡುಗೆಮನೆಯ ಗೋಡೆಗೆ ಹೊಡೆಸಿದರು. ಆ ಗೋಡೆಯನ್ನು ಮಧುಗಿರಿ, ಸಿರಾ ಕಡೆಯ ಅಡುಗೆಯವರು ಬಂದು ನೋಡಿ ಬರೆದುಕೊಂಡು ಹೋಗಿದ್ದಾರೆ. ಪಾವಗಡದ ಕಡೆಯಿಂದ ಬಂದಾಕೆಯೊಬ್ಬರು ಪ್ರತಿ ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಿಂದ ತೆಲುಗಿನ ಹೆಸರೂ ಬರೆದಿದ್ದಾರೆ. ಯಾವ ಪತ್ರಿಕೆಯೂ ಕೊಡದ ಓದುಗರು ನನಗೆ ಅಲ್ಲಿ ಸಿಕ್ಕರು.

ಎರಡು ವರ್ಷ ಅಲ್ಲಿ ಇಲ್ಲಿ ಟ್ಯೂಷನ್ ಹೇಳಿ, ಆಮೇಲೆ ಮಧುಗಿರಿಯಲ್ಲಿ ಉಪನ್ಯಾಸಕಿಯಾದೆ. ಪಿಎಚ್.ಡಿ. ಆಗಲಿಲ್ಲ. ಅದಕ್ಕೆ ಬೇಜಾರಿಲ್ಲ ಎಂದರೆ ಸುಳ್ಳಾಗುತ್ತದೆ. ಮೇಜಿನ ಮೇಲೆ ಬೀಗದ ಕೈ ಇಟ್ಟದ್ದಕ್ಕೆ ಮಾತ್ರ ಬೇಜಾರಿಲ್ಲ.

ಹೋದ ತಿಂಗಳು ಬೆಟ್ಟ ಇಳಿದ ಮೇಲೆ ಗಂಗಕ್ಕನ ಮನೆಗೆ ಹೋದೆ. ಮಂಡಿ ನೋವೆಂದು ಕೆಲಸ ಬಿಟ್ಟಿದ್ದಾಳೆ. ಅವಳ ಜಾಗಕ್ಕೆ ಬಂದಿರುವ ಹೊಸ ಅಡುಗೆಯವಳು ರತ್ನ, ಮೂವತ್ತರ ಹೆಂಗಸು, ಅವಳ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಗಂಗಕ್ಕ ಕೈಗೆತ್ತಿಕೊಂಡು ಒಂದೊಂದನ್ನೂ ಮತ್ತೆ ಪರೀಕ್ಷೆ ಮಾಡುತ್ತಿದ್ದಳು. ರತ್ನ ಸ್ವಲ್ಪ ಅಂಜುಬುರುಕಿ. ಹೊಸ ಅಧಿಕಾರಿ ಬಂದಿದ್ದಾರಂತೆ, ಬಹಳ ಬಿಗಿಯಂತೆ, ಈ ಸೊಪ್ಪಿನ ವಿಷಯಕ್ಕೆ ಇಷ್ಟು ವರ್ಷ ಬಾರದ ಆದೇಶ ಈಗ ಬಂದರೂ ಬರಬಹುದಂತೆ.

“ಬಂದ್ರೆ ಏನ್ ಮಾಡನಕ್ಕ?” ಎಂದು ಕೇಳಿದಳು.

ಗಂಗಕ್ಕ ಕೈಯಲ್ಲಿದ್ದ ಕಡ್ಡಿ ಮುರಿದು ನೋಡಿದಳು. ಬಲಿತಿತ್ತು, ಎಸೆದಳು.

“ಬರ್ಲಿ. ಯಾರ್ ಕೈಲಾದ್ರೂ ಓದ್ಸಿ ಕೇಳು, ಪೂರ್ತಿ ಕೇಳು. ಕೆಳಗೆ ರುಜು ಯಾರ್ದು ಅಂತ ನೋಡು. ಆಮ್ಯಾಲೆ ಅವುರ್ನೂ ಊಟಕ್ ಕರಿ.”